ಅಂಕಿತ, ಸ್ಥಲಕಟ್ಟು, ಅಕಾರಾದಿ

ವಚನ ಸಾಹಿತ್ಯವನ್ನು ಕುರಿತು ಈವರೆಗೆ ನಡೆದಿರುವ ಚರ್ಚೆಗಳಲ್ಲಿ ಅರ್ಥ, ಕಾಲ, ಕರ್ತೃತ್ವ, ಪಾಠ ಮೊದಲಾದವುಗಳಿಗೆ ಸಾಕಷ್ಟು ಗಮನ ದೊರೆತಿದೆ. ಇವೆಲ್ಲಕ್ಕೂ ಮೊದಲು ಬರುವ ಒಂದು ಪ್ರಶ್ನೆ ಮಾತ್ರ ಬದಿಯಲ್ಲೇ ಉಳಿದಂತೆ ತೋರುತ್ತದೆ. ಬೇಕಾದ ವಚನವನ್ನು ಬೇಕಾದ ಹೊತ್ತಿಗೆ ಓದುಗನು ಹುಡುಕಿ ತೆಗೆಯುತ್ತಿದ್ದುದು ಹೇಗೆ? ಇಂದು ನಮ್ಮ ಮುಂದೆ ಅಚ್ಚಾದ ವಚನಗಳ ಸಂಖ್ಯೆ ಇಪ್ಪತ್ತು ಸಾವಿರಕ್ಕೂ ಮಿಕ್ಕಿದೆ. ಹನ್ನೆರಡನೆಯ ಶತಮಾನದಿಂದ ಈಚೆಗೆ ಈ ರಾಶಿ ಬೆಳೆಯುತ್ತ ಬಂದಂತೆ ಅದರಲ್ಲಿ ದಾರಿ ಕಂಡುಕೊಳ್ಳುವ ಉಪಾಯಗಳೂ ಒಂದಾದ ಮೇಲೊಂದು ಹುಟ್ಟಿದವು. ಪ್ರತಿಯೊಂದು ಉಪಾಯವೂ ಕೆಲವನ್ನು ಸುಲಭವಾಗಿ ಕೈಗೆ ಕೊಟ್ಟಿತು, ಕೆಲವನ್ನು ಮರೆಮಾಡಿತು. ಆ ಇತಿಹಾಸವನ್ನು ಸ್ಥೂಲವಾಗಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ಓಲೆಯ ಕಟ್ಟಿನ ಸ್ವರೂಪವನ್ನು ನೆನೆಯಬೇಕು. ತಾಳೆಗರಿಯ ಮೇಲೆ ಕಂಟದಿಂದ ಕೊರೆದು, ಮಸಿ ಬಳಿದು ಒರೆಸಿದಾಗ ಅಕ್ಷರಗಳು ಎದ್ದು ಕಾಣುತ್ತವೆ. ಪದಪದಗಳ ನಡುವೆ ತೆರಪಿಲ್ಲ. ಪದ್ಯವಾಗಲಿ ಗದ್ಯವಾಗಲಿ ಪಂಕ್ತಿಯ ತುಂಬ ಒಂದೇ ಸಮನೆ ಹರಿಯುತ್ತದೆ. ಗರಿಯ ಅಂಚಿನಲ್ಲಿ ಅದರ ಸಂಖ್ಯೆ ಇರುತ್ತದೆ. ದಾರ ಕಡಿದು ಗರಿಗಳು ಚೆಲ್ಲಿಹೋದರೆ ಮತ್ತೆ ಜೋಡಿಸಲು ಆ ಸಂಖ್ಯೆಯೊಂದೇ ಆಧಾರ. ಆದರೆ ಅದು ಕಟ್ಟಿನ ಕ್ರಮವನ್ನು ಕಾಯುತ್ತದೆಯೇ ಹೊರತು ಒಳಗೆ ಏನಿದೆ ಎಂಬುದನ್ನು ಹೇಳುವುದಿಲ್ಲ. ಪ್ರತಿಯೊಂದು ಕಟ್ಟಿನ ಗರಿಯ ಉದ್ದ, ಪಂಕ್ತಿಗಳ ಸಂಖ್ಯೆ, ಅಕ್ಷರದ ಗಾತ್ರ ಬೇರೆಯಾದುದರಿಂದ ಒಂದು ಪ್ರತಿಯ ಗರಿಸಂಖ್ಯೆ ಇನ್ನೊಂದು ಪ್ರತಿಯನ್ನು ಓದುವವನಿಗೆ ಪ್ರಯೋಜನಕ್ಕೆ ಬಾರದು. ಅಚ್ಚಿನ ಪುಸ್ತಕದಲ್ಲಿ ಇಂಥ ಪುಟವನ್ನು ನೋಡಿ ಎಂದು ದೂರದ ಊರಿನವರಿಗೂ ಹೇಳಬಲ್ಲೆವು. ಓಲೆಯ ಕಾಲದಲ್ಲಿ ಅಂಥ ಸೌಕರ್ಯವಿರಲಿಲ್ಲ. ಹುಡುಕುವವನು ನೆನಪನ್ನೇ ನೆಚ್ಚಬೇಕಾಗಿತ್ತು.

ಇಂಥ ಸ್ಥಿತಿಯಲ್ಲಿ ವಚನಕ್ಕೆ ಒದಗಿದ ಮೊದಲ ಗುರುತು ಅದರ ಅಂಕಿತ. ಇದನ್ನು ಮುದ್ರಿಕೆಯೆಂದೂ ಕರೆಯುವುದುಂಟು. ಅಂಕಿತವು ಭಕ್ತಿಯ ಸಂಬೋಧನೆ ಎಂಬುದು ವಿದಿತವೇ ಆಗಿದೆ. ಅದು ಮಾಡಿದ ಇನ್ನೊಂದು ಕೆಲಸವನ್ನು ನಾವು ಅಷ್ಟಾಗಿ ಗಮನಿಸಿಲ್ಲ. ಕಾವ್ಯದ ಕರ್ತೃವಿನ ಹೆಸರು ಸಾಮಾನ್ಯವಾಗಿ ಗ್ರಂಥದ ಆದಿಯಲ್ಲೋ ಅಂತ್ಯದಲ್ಲೋ, ಆಶ್ವಾಸಾಂತ್ಯದ ಗದ್ಯದಲ್ಲೋ ಬರುತ್ತದೆ. ನಡುವಿನ ಹತ್ತು ಗರಿಗಳು ಮಾತ್ರ ಉಳಿದರೆ ಅವು ಯಾರವೆಂದು ತಿಳಿಯುವುದು ಕಷ್ಟ. ವಚನದ ರೀತಿಯೇ ಬೇರೆ. ಅದರ ಗಾತ್ರ ಎಷ್ಟೇ ಸಣ್ಣದಾಗಿರಲಿ, ತನ್ನ ಒಡೆಯನ ಗುರುತನ್ನು ತನ್ನ ಮೈಯಲ್ಲೇ ಹೊತ್ತುಕೊಂಡಿರುತ್ತದೆ. ಒಂದೇ ಒಂದು ಗರಿ ದೊರೆತರೂ, ಅಥವಾ ಹಾಡುವವನ ಬಾಯಿಂದ ಒಂದೇ ವಚನ ಕೇಳಿಬಂದರೂ, ಕೂಡಲಸಂಗಮದೇವ ಎಂದರೆ ಬಸವಣ್ಣನವರು, ಗುಹೇಶ್ವರ ಎಂದರೆ ಅಲ್ಲಮಪ್ರಭುಗಳು, ಕಲಿದೇವರದೇವ ಎಂದರೆ ಮಡಿವಾಳ ಮಾಚಿದೇವರು ಎಂದು ತಿಳಿಯಬಹುದು. ಕಲ್ಯಾಣದ ವಿಪ್ಲವದ ತರುವಾಯ ಶರಣರು ವಚನದ ಕಟ್ಟುಗಳನ್ನು ಹೊತ್ತು ಉಳವಿಯ ಕಡೆಗೆ ನಡೆದರೆಂದು ಸಂಪ್ರದಾಯ ಹೇಳುತ್ತದೆ. ಹಾಗೆ ಚದುರಿಹೋದ ಸಾಹಿತ್ಯ ಶತಮಾನಗಳ ಮೇಲೂ ಕರ್ತೃವಾರು ಒಟ್ಟುಗೂಡಲು ಸಾಧ್ಯವಾದುದಕ್ಕೆ ಅಂಕಿತವೇ ಮುಖ್ಯ ಕಾರಣ. ಕರ್ತೃವಿನ ಹೆಸರು ಅಳಿದು ಅಂಕಿತ ಮಾತ್ರ ಉಳಿದಿರುವ ವಚನಕಾರರೂ ಇದ್ದಾರೆ. ಹೆಸರೇ ತಿಳಿಯದ ಅವರನ್ನು ಒಬ್ಬ ವ್ಯಕ್ತಿಯೆಂದು ನಾವು ಗುರುತಿಸುತ್ತಿರುವುದು ಆ ಅಂಕಿತದ ಬಲದಿಂದಲೇ.

ಆದರೆ ಈ ಬೀಗದ ಕೈ ಬಹಳ ಸೂಕ್ಷ್ಮವಾದುದು. ಬಸವಣ್ಣನವರ ಅಂಕಿತಕ್ಕೂ ಚೆನ್ನಬಸವಣ್ಣನವರ ಕೂಡಲಚೆನ್ನಸಂಗಮದೇವ ಎಂಬ ಅಂಕಿತಕ್ಕೂ ಇರುವ ಅಂತರ ಎರಡೇ ಅಕ್ಷರ. ಪ್ರತಿಕಾರನ ಕಣ್ಣು ತಪ್ಪಿ ಆ ಎರಡಕ್ಷರ ಬಿದ್ದುಹೋದರೆ ವಚನವೇ ಕೈಬದಲಾಗುತ್ತದೆ. ಮಲ್ಲಿಕಾರ್ಜುನನ ಹೆಸರನ್ನು ಅಕ್ಕಮಹಾದೇವಿ, ಸಿದ್ಧರಾಮ, ಮೋಳಿಗೆ ಮಾರಯ್ಯ ಈ ಮೂವರೂ ಬೇರೆ ಬೇರೆ ವಿಶೇಷಣಗಳೊಡನೆ ಬಳಸಿದ್ದಾರೆ. ವಿಶೇಷಣ ಲುಪ್ತವಾದರೆ ವಚನ ಯಾರದೆಂಬ ಗೊಂದಲ ತಪ್ಪದು.

ಈ ಸೂಕ್ಷ್ಮತೆಯಿಂದ ಹೆಚ್ಚಿನ ಅಪಾಯಕ್ಕೆ ಒಳಗಾದುದು ಶರಣೆಯರ ವಚನಗಳೆಂದು ನನಗೆ ತೋರುತ್ತದೆ. ಆಯ್ದಕ್ಕಿ ಮಾರಯ್ಯನ ಅಂಕಿತ ಅಮರೇಶ್ವರಲಿಂಗ. ಲಕ್ಕಮ್ಮನದು ಮಾರಯ್ಯಪ್ರಿಯ ಅಮರೇಶ್ವರಲಿಂಗ. ಗಂಗಾಂಬಿಕೆಯ ಅಂಕಿತ ಗಂಗಾಪ್ರಿಯ ಕೂಡಲಸಂಗಮದೇವ. ಮೋಳಿಗೆ ಮಾರಯ್ಯನದು ನಿಃಕಳಂಕಮಲ್ಲಿಕಾರ್ಜುನ. ಆತನ ಪತ್ನಿ ಮಹಾದೇವಿಯದು ಎನ್ನಯ್ಯಪ್ರಿಯ ಇಮ್ಮಡಿ ನಿಃಕಳಂಕಮಲ್ಲಿಕಾರ್ಜುನ. ಮೂರು ಕಡೆಯೂ ಪತಿಯ ಅಂಕಿತಕ್ಕೆ ಮುಂದೆ ಸೇರಿದ ಮಾತಿನಲ್ಲೇ ಆಕೆಯ ಕರ್ತೃತ್ವವಿದೆ. ಆ ಮೊದಲ ಮಾತನ್ನು ಬಿಟ್ಟು ಬರೆದರೆ ವಚನದ ಅರ್ಥಕ್ಕೆ ಊನ ಬಾರದು, ಓದುಗನಿಗೆ ಸಂಶಯವೂ ಹುಟ್ಟದು. ಆದರೆ ಶರಣೆಯ ವಚನ ಸದ್ದಿಲ್ಲದೆ ಶರಣನ ಲೆಕ್ಕಕ್ಕೆ ಸೇರಿಬಿಡುತ್ತದೆ. ಇಂದು ಶರಣೆಯರ ವಚನಗಳಿಗೆಂದೇ ಪ್ರತ್ಯೇಕ ಸಂಪುಟವಿರುವುದು ಆ ಒಂದೊಂದು ಮಾತನ್ನು ಬಿಡದೆ ಕೊರೆದ ಹೆಸರಿಲ್ಲದ ಪ್ರತಿಕಾರರ ಉಪಕಾರದಿಂದ.

ಅಂಕಿತವನ್ನು ತಿಳಿದೇ ಬದಲಿಸಿದ ಪ್ರಸಂಗವೂ ನಮ್ಮ ಕಾಲದಲ್ಲಿ ನಡೆಯಿತು. ಮಾತೆ ಮಹಾದೇವಿಯವರ ‘ಬಸವ ವಚನ ದೀಪ್ತಿ’ಯಲ್ಲಿ ಕೂಡಲಸಂಗಮದೇವ ಎಂಬುದರ ಸ್ಥಾನದಲ್ಲಿ ಲಿಂಗದೇವ ಎಂದು ಅಚ್ಚಾಯಿತು. 1998ರಲ್ಲಿ ಕರ್ನಾಟಕ ಸರ್ಕಾರ ಆ ಗ್ರಂಥವನ್ನು ಮುಟ್ಟುಗೋಲು ಹಾಕಿಕೊಂಡಿತು. 2017ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಕ್ರಮವನ್ನು ಎತ್ತಿಹಿಡಿಯಿತು. ಬದಲಾವಣೆಗೆ ಕೊಟ್ಟ ತಾತ್ತ್ವಿಕ ಕಾರಣಗಳ ವಿಮರ್ಶೆ ಇಲ್ಲಿ ಅಪ್ರಸ್ತುತ. ಅಂಕಿತವು ಹೆಸರು ಮಾತ್ರವಲ್ಲ, ವಚನವನ್ನು ಅದರ ಕರ್ತೃವಿಗೆ ಕಟ್ಟಿರುವ ದಾರವೂ ಹೌದು ಎಂಬುದು ಆ ವಿವಾದದಿಂದ ಸಾಮಾನ್ಯ ಓದುಗರಿಗೂ ಮನವರಿಕೆಯಾಯಿತು.

ಅಂಕಿತ ಯಾರದೆಂಬುದನ್ನು ಹೇಳುತ್ತದೆ; ಯಾವ ವಿಷಯದ ವಚನವೆಂಬುದನ್ನು ಹೇಳುವುದಿಲ್ಲ. ಈ ಎರಡನೆಯ ಅಗತ್ಯವನ್ನು ಪೂರೈಸಿದವರು ಹದಿನೈದನೆಯ ಶತಮಾನದ ವಿರಕ್ತರು. ಪ್ರೌಢದೇವರಾಯನು ವಿಜಯನಗರದಲ್ಲಿ ಆಳುತ್ತಿದ್ದ ಕಾಲ (1424-1446) ವೀರಶೈವ ಸಾಹಿತ್ಯದಲ್ಲಿ ಸಂಗ್ರಹ, ಸಂಕಲನ, ವ್ಯಾಖ್ಯಾನಗಳ ಕಾಲ. ಲಕ್ಕಣ್ಣ ದಂಡೇಶನ ‘ಶಿವತತ್ತ್ವ ಚಿಂತಾಮಣಿ’ಯನ್ನು ಒಂದು ಬಗೆಯ ವಿಷಯಕೋಶವೆಂದೇ ಕರೆಯಬಹುದು. ಮಹಲಿಂಗದೇವ, ಜಕ್ಕಣಾರ್ಯ ಮೊದಲಾದವರು ಚದುರಿದ ವಚನಗಳನ್ನು ಏಕೋತ್ತರಶತ, ಎಂದರೆ ನೂರೊಂದು ಸ್ಥಲಗಳ ಚೌಕಟ್ಟಿಗೆ ಅಳವಡಿಸಿದರು. ಭಕ್ತ, ಮಾಹೇಶ್ವರ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಮುಖ್ಯ ಸ್ಥಲಗಳೂ ಅವುಗಳ ಒಳಭೇದಗಳೂ ಸಾಧಕನು ಏರಬೇಕಾದ ಮೆಟ್ಟಿಲುಗಳಾಗಿದ್ದವು. ಸಂಕಲನಕಾರನ ಕೈಯಲ್ಲಿ ಅವು ಸಾಹಿತ್ಯದ ಕಪಾಟಿನ ಅರೆಗಳೂ ಆದವು. ಗುರುವನ್ನು ಕುರಿತ ವಚನ ಬೇಕಾದವನು ಯಾವ ಸ್ಥಲದ ಗರಿಗಳನ್ನು ಬಿಚ್ಚಬೇಕೆಂಬುದನ್ನು ಸ್ಥಲಕ್ರಮ ತಿಳಿದಿದ್ದರೆ ತಾನೇ ಊಹಿಸಬಲ್ಲವನಾಗಿದ್ದನು. ಬೇರೊಂದು ಊರಿನ ಬೇರೊಂದು ಕಟ್ಟಿನಲ್ಲಿಯೂ ಅದೇ ಕ್ರಮವಿದ್ದುದರಿಂದ ಗರಿಸಂಖ್ಯೆ ಮಾಡಲಾರದ ಕೆಲಸವನ್ನು ಸ್ಥಲದ ಹೆಸರು ಮಾಡಿತು. ಆ ಕ್ರಮ ಹುಡುಕುವವನ ಮನಸ್ಸಿನಲ್ಲಿ ಮೊದಲೇ ನೆಲೆಸಿರಬೇಕಿತ್ತು ಎಂಬುದನ್ನು ಮರೆಯುವಂತಿಲ್ಲ. ದೀಕ್ಷೆ ಪಡೆದು ಗುರುಮುಖದಿಂದ ಕಲಿತವನಿಗೆ ಬಾಗಿಲು ತಾನಾಗಿ ತೆರೆಯುತ್ತಿತ್ತು. ಹೊರಗಿನವನಿಗೆ ಅದೇ ಕಟ್ಟು ಗಹನವಾದ ಅಡವಿ.

ಸ್ಥಲಕಟ್ಟಿಗೆ ಇನ್ನೊಂದು ಮಿತಿಯಿತ್ತು. ಒಂದು ವಚನ ಒಂದೇ ಸ್ಥಲದಲ್ಲಿ ನಿಲ್ಲಬೇಕು. ಹನ್ನೆರಡನೆಯ ಶತಮಾನದ ಶರಣರು ಆಡಿದ ಮಾತುಗಳಾದರೋ ಯಾವ ಅರೆಗೂ ಅಳತೆ ಮಾಡಿಟ್ಟು ಆಡಿದವುಗಳಲ್ಲ. ಒಂದೇ ವಚನದಲ್ಲಿ ಭಕ್ತನ ದೈನ್ಯವೂ ಶರಣನ ಧೈರ್ಯವೂ ಕೂಡಿರಬಹುದು. ಆದಕಾರಣ ಒಬ್ಬ ಸಂಕಲನಕಾರ ಭಕ್ತಸ್ಥಲಕ್ಕೆ ಸೇರಿಸಿದುದನ್ನು ಮತ್ತೊಬ್ಬನು ಬೇರೆಡೆ ಇಟ್ಟಿರುವುದು ಸಹಜ. ಸ್ಥಲದ ಹೆಸರು ಓದುಗನಿಗೆ ದಾರಿ ತೋರುವುದರ ಜೊತೆಗೆ ಹೇಗೆ ಓದಬೇಕೆಂಬುದನ್ನೂ ವಿಧಿಸುತ್ತದೆ. ಶೂನ್ಯಸಂಪಾದನೆಗಳಲ್ಲಿ ಈ ವಿಧಾನ ಇನ್ನೂ ಮುಂದೆ ಹೋಯಿತು. ಶಿವಗಣಪ್ರಸಾದಿ ಮಹದೇವಯ್ಯನಿಂದ ಗೂಳೂರು ಸಿದ್ಧವೀರಣ್ಣೊಡೆಯನವರೆಗೆ ನಾಲ್ವರು ಸಂಪಾದನಕಾರರು ವಚನಗಳನ್ನು ಸಂವಾದವಾಗಿ ಹೆಣೆದು, ಪ್ರತಿಯೊಂದಕ್ಕೂ ಒಂದು ಸಂದರ್ಭವನ್ನು ಒದಗಿಸಿದರು. ಅದರಿಂದ ವಚನಗಳು ಜನರ ನೆನಪಿನಲ್ಲಿ ಗಟ್ಟಿಯಾಗಿ ನಿಂತವು. ಆ ಸಂದರ್ಭವೇ ಮೂಲಸಂದರ್ಭವೆಂಬ ಭಾವನೆಯೂ ಅದರೊಡನೆ ಬೇರೂರಿತು. ಹದಿನಾರನೆಯ ಶತಮಾನದ ಎಡೆಯೂರು ಸಿದ್ಧಲಿಂಗೇಶ್ವರರ ವಿಷಯ ಬೇರೆ. ಅವರ ‘ಷಟ್‌ಸ್ಥಲ ಜ್ಞಾನಸಾರಾಮೃತ’ದ 701 ವಚನಗಳು ಸ್ಥಲಕ್ರಮವನ್ನು ಮುಂದಿಟ್ಟುಕೊಂಡೇ ರಚಿತವಾದವು. ಮೊದಲು ವಚನಕ್ಕೆ ಸ್ಥಲವನ್ನು ಹುಡುಕಿದರು. ಅನಂತರ ಸ್ಥಲಕ್ಕಾಗಿ ವಚನ ಹುಟ್ಟಿತು.

ವಿಷಯಾನುಸಾರವಾದ ಕ್ರಮ ಆ ಕಾಲದ ವಿದ್ಯೆಗೆಲ್ಲ ಸಾಮಾನ್ಯವಾಗಿದ್ದಿತು. ಅಮರಕೋಶದ ದಾರಿಯಲ್ಲಿ ನಡೆದ ನಮ್ಮ ಹಳೆಯ ನಿಘಂಟುಗಳು, ಉದಾಹರಣೆಗೆ ನಾಗವರ್ಮನ ‘ಅಭಿಧಾನ ವಸ್ತುಕೋಶ’, ಶಬ್ದಗಳನ್ನು ಅಕ್ಷರಕ್ರಮದಲ್ಲಿ ಹೇಳದೆ ಪದ್ಯರೂಪದಲ್ಲಿ ವರ್ಗಗಳಾಗಿ ಹೇಳಿದವು. ಅವು ಕಂಠಸ್ಥ ಮಾಡುವ ಗ್ರಂಥಗಳು. ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾದ ಕಿಟ್ಟೆಲ್ಲರ ಕೋಶ ತೆರೆದು ನೋಡುವ ಗ್ರಂಥ. ಅದನ್ನು ಯಾರೂ ಬಾಯಿಪಾಠ ಮಾಡಲಿಲ್ಲ.

ವಚನಗಳ ಮಟ್ಟಿಗೆ ಈ ಸ್ಥಿತ್ಯಂತರವನ್ನು ತಂದವರು ಫ. ಗು. ಹಳಕಟ್ಟಿಯವರು. ವಿಜಾಪುರದಲ್ಲಿ ವಕೀಲಿ ವೃತ್ತಿಯಲ್ಲಿದ್ದ ಅವರು ಮನೆಮನೆ ತಿರುಗಿ ಜಗುಲಿಯ ಮೇಲೆ ಪೂಜೆಗೊಳ್ಳುತ್ತಿದ್ದ ಕಟ್ಟುಗಳನ್ನು ಬಿಚ್ಚಿಸಿ ಓದಿದರು. ‘ವಚನಶಾಸ್ತ್ರಸಾರ’ದ ಮೊದಲ ಭಾಗ 1923ರಲ್ಲಿ ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ ಅಚ್ಚಾಯಿತು. 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿ, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಈ ಕಾರ್ಯಕ್ಕಾಗಿ ಸ್ವಂತ ಮನೆಯನ್ನೂ ಮಾರಿದರೆಂಬುದು ಪ್ರಸಿದ್ಧ ಸಂಗತಿ. ಅವರು ‘ಸಾರ’ದಲ್ಲಿ ವಚನಗಳನ್ನು ವಿಷಯವಾರು ಜೋಡಿಸಿದುದು ಗಮನಾರ್ಹ. ಹಳೆಯ ಸ್ಥಲಕಟ್ಟಿನ ಜಾಡು ಅಲ್ಲಿ ಇನ್ನೂ ಅಳಿದಿಲ್ಲ. ಆದರೆ ದೀಕ್ಷೆಯಿಲ್ಲದ, ಸ್ಥಲಕ್ರಮ ಅರಿಯದ ಓದುಗನೂ ಈಗ ಪುಸ್ತಕ ಬಿಡಿಸಿ ಕೂರಬಹುದಾಗಿತ್ತು. ಅವನಿಗೆ ಬೇರೆ ಬಗೆಯ ಸೂಚಿ ಬೇಕಾಯಿತು.

ಆ ಸೂಚಿಯೇ ಅಕಾರಾದಿ. ವಚನದ ಮೊದಲ ಮಾತು ನೆನಪಿದ್ದರೆ ಸಾಕು, ವಚನ ಸಿಕ್ಕುತ್ತದೆ. ಅರ್ಥ ತಿಳಿದಿರಬೇಕಾಗಿಲ್ಲ, ಕರ್ತೃ ತಿಳಿದಿರಬೇಕಾಗಿಲ್ಲ. ಇದಕ್ಕಿಂತ ಉದಾರವಾದ ವ್ಯವಸ್ಥೆ ಇನ್ನೊಂದಿಲ್ಲವೆನ್ನಬಹುದು. ಆದಾಗ್ಯೂ ಸೂಚಿಯನ್ನು ಸಿದ್ಧಪಡಿಸಿದವರಿಗೆ ಅದರ ಕಷ್ಟ ಗೊತ್ತು. ಓಲೆಯಲ್ಲಿ ‘ಎನ್ನ’ ಎಂಬುದು ‘ಯೆನ್ನ’ ಎಂದೂ ‘ಒಂದು’ ಎಂಬುದು ‘ವೊಂದು’ ಎಂದೂ ಇರುತ್ತದೆ; ಬರೆದಂತೆಯೇ ಇಟ್ಟರೆ ಒಂದೇ ವಚನ ವರ್ಣಮಾಲೆಯ ಎರಡು ದೂರದ ಮೂಲೆಗಳಲ್ಲಿ ಬೀಳುತ್ತದೆ. ಅನುಸ್ವಾರದ ಸ್ಥಾನ, ಕ್ಷಕಾರದ ಸ್ಥಾನಗಳ ವಿಷಯದಲ್ಲಿ ಎಲ್ಲ ಕೋಶಗಳೂ ಒಂದೇ ದಾರಿ ಹಿಡಿದಿಲ್ಲ. ‘ಅಯ್ಯಾ’ ಎಂಬ ಸಂಬೋಧನೆ ಒಂದು ಪ್ರತಿಯಲ್ಲಿ ವಚನದ ಮೊದಲಲ್ಲಿದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಹುಡುಕುವವನು ಬರಿಗೈಯಲ್ಲಿ ಮರಳಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಅಕಾರಾದಿ ಕ್ರಮದಲ್ಲಿ ಪಕ್ಕಪಕ್ಕದಲ್ಲಿ ಕೂಡುವ ಎರಡು ವಚನಗಳಿಗೆ ಅರ್ಥದ ನಂಟು ಏನೂ ಇರುವುದಿಲ್ಲ. ಸ್ಥಲಕಟ್ಟಿನಲ್ಲಿ ಒಂದನ್ನು ಹುಡುಕಹೋದವನಿಗೆ ಅದರ ಜೊತೆಗಾರ ವಚನಗಳೂ ದೊರೆಯುತ್ತಿದ್ದವು.

ಒಂದು ವಸ್ತು, ಹಲವು ಸ್ಥಾನ ಎಂಬ ಈ ತೊಡಕು ವಚನಗಳಿಗೆ ಮಾತ್ರ ಸೀಮಿತವಲ್ಲ. ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲರಾಗಿದ್ದ ಶಿ. ರಾ. ರಂಗನಾಥನ್ ಅವರು 1933ರಲ್ಲಿ ಪ್ರಕಟಿಸಿದ ಕೋಲನ್ ವರ್ಗೀಕರಣದಲ್ಲಿ, ಗ್ರಂಥಕ್ಕೆ ಸಿದ್ಧವಾದ ಒಂದು ಅರೆಯನ್ನು ಹುಡುಕುವ ಬದಲು ಅದರ ವಿಷಯದ ಮುಖಗಳನ್ನು ಬಿಡಿಸಿ ಮತ್ತೆ ಜೋಡಿಸುವ ಮಾರ್ಗವನ್ನು ತೋರಿಸಿದರು. ಅವರ ಕೊನೆಯ ವರ್ಷಗಳು ಕಳೆದುದು ಬೆಂಗಳೂರಿನಲ್ಲಿ. ಅಲ್ಲಿ 1962ರಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿಯ ಕೇಂದ್ರವನ್ನು ಕಟ್ಟಿ, 1972ರಲ್ಲಿ ಅಲ್ಲಿಯೇ ನಿಧನರಾದರು. ಜಕ್ಕಣಾರ್ಯನ ಓಲೆಗಳ ಮುಂದೆ ಅವರನ್ನು ಕೂರಿಸಿದ್ದರೆ ಏನೆನ್ನುತ್ತಿದ್ದರೋ ಎಂಬ ಕುತೂಹಲ ನನಗೆ ಆಗಾಗ ಮೂಡುವುದುಂಟು.

1993ರಲ್ಲಿ ಕರ್ನಾಟಕ ಸರ್ಕಾರ ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಹದಿನೈದು ಸಂಪುಟಗಳ ಸಮಗ್ರ ವಚನ ಸಾಹಿತ್ಯವನ್ನು ಹೊರತಂದ ಮೇಲೆ, ಇಡೀ ರಾಶಿಯನ್ನು ಗಣಕಯಂತ್ರಕ್ಕೆ ಊಡಿಸಿ ಯಾವ ಪದ ಎಲ್ಲೆಲ್ಲಿ ಬಂದಿದೆಯೆಂದು ನೋಡುವ ಸೌಕರ್ಯವೂ ಒದಗಿತು. ‘ವಚನ ಸಂಚಯ’ದಂಥ ಅಂತರಜಾಲದ ಭಂಡಾರದಲ್ಲಿ ಒಂದು ಪದವನ್ನು ಕೊಟ್ಟು ಕ್ಷಣಮಾತ್ರದಲ್ಲಿ ಅದರ ಪ್ರಯೋಗಗಳನ್ನು ಪಡೆಯಬಹುದು. ಹಿಂದೆ ಒಬ್ಬ ಸಂಶೋಧಕನ ವರ್ಷಗಳನ್ನು ತಿನ್ನುತ್ತಿದ್ದ ಕೆಲಸವಿದು. ಆದರೆ ಯಂತ್ರ ನೋಡುವುದು ಅಕ್ಷರಗಳ ಸಾಲನ್ನು. ‘ಅರಿವು’ ಎಂದು ಕೇಳಿದರೆ ‘ತನ್ನರಿವು’ ಎಂಬಲ್ಲಿ ಸಂಧಿಯಿಂದ ಅಕಾರ ಕರಗಿಹೋಗಿರುವುದರಿಂದ ಅದು ಬಲೆಗೆ ಬೀಳದು. ಸಂಧಿಯನ್ನು ಬಿಡಿಸಿ ಕಲಿಸಿದರೆ ಈ ತೊಂದರೆ ನೀಗಬಹುದು. ಬೆಡಗಿನ ವಚನಗಳ ತೊಂದರೆ ಹಾಗೆ ನೀಗುವಂಥದಲ್ಲ. ಅಲ್ಲಮಪ್ರಭುಗಳ ಬೆಡಗಿನಲ್ಲಿ ಕೋಡಗ, ಸರ್ಪ, ಗಿಣಿಗಳು ಬರುತ್ತವೆ. ಹೇಳುವ ವಿಷಯ ಮನಸ್ಸು, ಮಾಯೆ, ಪ್ರಾಣ. ಮಾಯೆಯ ವಚನಗಳನ್ನು ಕೊಡು ಎಂದು ಕೇಳಿದವನಿಗೆ ಯಂತ್ರವು, ಆ ಶಬ್ದ ಅಲ್ಲಿಲ್ಲದ ಕಾರಣ, ಮಾಯೆಯನ್ನು ಕುರಿತ ಅತಿ ಗಹನವಾದ ವಚನಗಳನ್ನೇ ಬಿಟ್ಟು ಉಳಿದವನ್ನು ಕೊಡುತ್ತದೆ. ಬಿಟ್ಟುದನ್ನು ಬಿಟ್ಟಿದ್ದೇನೆಂದು ಹೇಳುವುದೂ ಇಲ್ಲ. ಹಳೆಯ ಸ್ಥಲಕಟ್ಟಿನ ಪ್ರತಿಕಾರನು, ಟೀಕಾಕಾರನು ಅರ್ಥವನ್ನು ಬಿಡಿಸಿಯೇ ಆ ವಚನಗಳಿಗೆ ಸ್ಥಾನ ಕೊಟ್ಟಿದ್ದನು. ಅವನ ನಿರ್ಣಯವನ್ನು ನಾವು ಒಪ್ಪದಿರಬಹುದು, ಆದರೆ ಅದು ಒಂದು ನಿರ್ಣಯ.

ಕರ್ತೃವಾರು ಸಂಪಾದನೆಯ ರೂಢಿ ಬಲಿತ ಮೇಲೆ ಯಾವ ಸಂಕಲನದಲ್ಲಿ ಯಾವ ಸ್ಥಲದಡಿ ಆ ವಚನ ಇದ್ದಿತೆಂಬ ಸಂಗತಿ ಓದುಗನ ಕಣ್ಣಿಂದ ಮರೆಯಾಗುತ್ತ ಬಂದಿದೆ. ವಚನದ ಪಾಠಾಂತರಗಳನ್ನು ಅಡಿಯಲ್ಲಿ ಕೊಡುವಷ್ಟೇ ಎಚ್ಚರಿಕೆಯಿಂದ ಸ್ಥಲಾಂತರಗಳನ್ನೂ ಕೊಡುವುದು ಸುಸಂಗತವಾದೀತು. ಬಸವಣ್ಣನವರ ವಚನಗಳಿಂದಲೇ ಈ ಕೋಷ್ಟಕವನ್ನು ಆರಂಭಿಸಬಹುದು: ಎಡಬದಿಗೆ ವಚನದ ಮೊದಲ ಮಾತು, ಬಲಕ್ಕೆ ಏಕೋತ್ತರಶತಸ್ಥಲಗಳಲ್ಲಿ, ನಾಲ್ಕು ಶೂನ್ಯಸಂಪಾದನೆಗಳಲ್ಲಿ, ಹಳಕಟ್ಟಿಯವರ ‘ಸಾರ’ದಲ್ಲಿ ಅದಕ್ಕೆ ದೊರೆತ ಸ್ಥಾನ. ಅನೇಕ ಕಟ್ಟುಗಳು ಮಠಗಳ ಪೆಟ್ಟಿಗೆಗಳಲ್ಲಿ ಇನ್ನೂ ಇರುವುದರಿಂದ, ಗರಿಗಳು ಮತ್ತಷ್ಟು ತ್ರುಟಿತವಾಗುವ ಮೊದಲೇ ಈ ಕೆಲಸಕ್ಕೆ ಕೈಹಚ್ಚಬೇಕು.