ಹೆಬ್ಬೆರಳಿನ ಬೆಲೆ

ಬಾಲಾನಗರದಲ್ಲಿ ಎರಡು ಬಗೆಯ ಉದ್ಯೋಗದಾತರು ನೆರೆಹೊರೆಯಾಗಿಯೇ ಬೆಳೆದರು. ಒಂದೆಡೆ ನಮ್ಮ ಬೆಂಗಳೂರಿನ ಎಚ್.ಎ.ಎಲ್. 1965ರಲ್ಲಿ ಇಲ್ಲಿ ತೆರೆದ ಏವಿಯಾನಿಕ್ಸ್ ವಿಭಾಗ ಮತ್ತು ಐ.ಡಿ.ಪಿ.ಎಲ್.ನ ಔಷಧ ಕಾರ್ಖಾನೆ. ಇನ್ನೊಂದೆಡೆ ಲೇತು, ಪವರ್ ಪ್ರೆಸ್ಸುಗಳ ಖಾಸಗಿ ಶೆಡ್ಡುಗಳು. ಅಂಗವೈಕಲ್ಯಕ್ಕೊಳಗಾದ ಕಾರ್ಮಿಕನ ಚರಿತ್ರೆಯನ್ನು ಓದಲು ಈ ನೆರೆಹೊರೆಗಿಂತ ಒಳ್ಳೆಯ ಪುಟ ನಮಗೆ ದೊರೆಯದು.

ಯಂತ್ರಕ್ಕೆ ಸಿಕ್ಕ ಕೈಯ ಲೆಕ್ಕವನ್ನು ಕಾನೂನು 1923ರಿಂದಲೇ ಇಟ್ಟಿದೆ. ಆ ವರ್ಷದ ಕಾರ್ಮಿಕರ ಪರಿಹಾರ ಕಾಯ್ದೆಯ ಅನುಸೂಚಿಯಲ್ಲಿ ಹೆಬ್ಬೆರಳು ಹೋದರೆ ದುಡಿಮೆಯ ಸಾಮರ್ಥ್ಯದಲ್ಲಿ ಶೇ. 30 ನಷ್ಟ, ತೋರುಬೆರಳಿಗೆ 14, ನಡುಬೆರಳಿಗೆ 12. ಪಟ್ಟಿಯ ಮಟ್ಟಿಗೆ ಅಕ್ಕಸಾಲಿಗನ ಬೆರಳೂ ಹಮಾಲಿಯ ಬೆರಳೂ ಒಂದೇ! ಕಾಯ್ದೆ ಹಣ ಕೊಡಿಸಿತು. ಗಾಯ ಮಾಗಿದವನನ್ನು ಮರಳಿ ಕೆಲಸಕ್ಕೆ ಕರೆಯಬೇಕೆಂದು ಹೇಳಲಿಲ್ಲ.

ಅದೇ ಕಾಲದಲ್ಲಿ ಹೆನ್ರಿ ಫೋರ್ಡ್ ಲೆಕ್ಕವನ್ನು ತಿರುವಿ ಹಾಕಿದ್ದ. ತನ್ನ ಕಾರ್ಖಾನೆಯ 7,882 ಬಗೆಯ ಕೆಲಸಗಳನ್ನು ಪರಿಶೀಲಿಸಿ, ಅವುಗಳಲ್ಲಿ 670ನ್ನು ಕಾಲುಗಳಿಲ್ಲದವರೂ, 2,637ನ್ನು ಒಂಟಿಗಾಲಿನವರೂ, 715ನ್ನು ಒಂಟಿತೋಳಿನವರೂ, 10ನ್ನು ಅಂಧರೂ ಮಾಡಬಲ್ಲರೆಂದು 1922ರ ತನ್ನ ಪುಸ್ತಕದಲ್ಲಿ ಬರೆದ. ಇದು ದಾನವಲ್ಲವೆಂದೂ ಹೇಳಿದ. ಅಳೆಯಬೇಕಾದದ್ದು ದೇಹವನ್ನಲ್ಲ, ಕೆಲಸವನ್ನು ಎಂಬ ಈ ಬುದ್ಧಿ ಲಾಭಕೋರನದೇ ಆದರೂ ನಮಗೆ ಗೌರವಾರ್ಹವಾಗಿ ತೋರುತ್ತದೆ.

ನಮ್ಮ ಸರ್ಕಾರವೂ ಕೆಲಸಗಳನ್ನು ಅಳೆಯಿತು. 1977ರಲ್ಲಿ ಕೇಂದ್ರದ 'ಸಿ' ಮತ್ತು 'ಡಿ' ವರ್ಗದ ಹುದ್ದೆಗಳಲ್ಲಿ ಶೇ. 3 ಮೀಸಲಾತಿ ಬಂತು. 1995ರ ಕಾಯ್ದೆ ಅದನ್ನು ಶಾಸನವಾಗಿಸಿತು. ಆದರೆ 'ಗುರುತಿಸಲಾದ ಹುದ್ದೆ'ಗಳ ಪಟ್ಟಿ ಕಚೇರಿಗಳ ಕೈಯಲ್ಲಿ ಬಾಗಿಲಾಗುವ ಬದಲು ಅಗುಳಿಯಾಯಿತು. ಹುದ್ದೆಯನ್ನು ಗುರುತಿಸಿಲ್ಲ, ಆದ್ದರಿಂದ ಮೀಸಲಾತಿಯಿಲ್ಲ ಎಂಬ ಒಕ್ಕಣೆ ನಾವು ಸರ್ಕಾರಿ ನೌಕರರಿಗೆ ಅಪರಿಚಿತವೇನಲ್ಲ. ನಾಗರಿಕ ಸೇವೆಯ ದೃಷ್ಟಿಹೀನ ಅಭ್ಯರ್ಥಿ ರವಿಪ್ರಕಾಶ್ ಗುಪ್ತರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2010ರಲ್ಲಿ ಈ ವಾದವನ್ನು ತಳ್ಳಿಹಾಕಿತು.

ಅದಕ್ಕಿಂತ ಬೆಲೆಯುಳ್ಳದ್ದು ಅದೇ ಕಾಯ್ದೆಯ 47ನೆಯ ಕಲಮು. ಸೇವೆಯಲ್ಲಿರುವಾಗ ಅಂಗವಿಕಲನಾದವನನ್ನು ತೆಗೆಯುವಂತಿಲ್ಲ. ಬೇರೆ ಕೆಲಸ ಕೊಡಬೇಕು, ಸಂಬಳ ಇಳಿಸಕೂಡದು, ಹುದ್ದೆಯಿಲ್ಲದಿದ್ದರೆ ಹೆಚ್ಚುವರಿ ಹುದ್ದೆಯಲ್ಲಾದರೂ ಇರಿಸಿಕೊಳ್ಳಬೇಕು. ಎಡಗಾಲು ಕಳೆದುಕೊಂಡು ಮನೆಗೆ ಕಳುಹಿಸಲ್ಪಟ್ಟಿದ್ದ ಪೇದೆ ಕುನಾಲ್ ಸಿಂಗ್ 2003ರಲ್ಲಿ ಗೆದ್ದದ್ದು ಇದರ ಬಲದಿಂದಲೇ.

ಆದರೆ ಆ ಕಲಮಿನ 'ಸಂಸ್ಥೆ' ಎಂಬ ಪದದೊಳಗೆ ಸರ್ಕಾರ, ಅದರ ಕಂಪನಿಗಳು, ಸ್ಥಳೀಯ ಸಂಸ್ಥೆಗಳಂಥವು ಮಾತ್ರ ಇದ್ದವು. ಹೀಗಾಗಿ ಬಾಲಾನಗರದ ರಸ್ತೆಯ ಒಂದು ಬದಿಯಲ್ಲಿ ಹೆಬ್ಬೆರಳು ಕಳೆದುಕೊಂಡವನಿಗೆ ಕೆಲಸ ಉಳಿಯಿತು, ಇನ್ನೊಂದು ಬದಿಯವನಿಗೆ ಶೇಕಡಾವಾರು ಮಾತ್ರ ಸಂದಿತು. 2016ರ ಕಾಯ್ದೆ ಮೀಸಲಾತಿಯನ್ನು ಶೇ. 4ಕ್ಕೆ, ಅಂಗವೈಕಲ್ಯಗಳ ಪಟ್ಟಿಯನ್ನು 21ಕ್ಕೆ ಏರಿಸಿತು. ಖಾಸಗಿಯವರೂ ಸಮಾನ ಅವಕಾಶದ ನೀತಿಯನ್ನು ಪ್ರಕಟಿಸಬೇಕಾಯಿತು. ಗಾಯಗೊಂಡವನ ಹುದ್ದೆ ಉಳಿಸುವ ಹೊಣೆ ಮಾತ್ರ ಸರ್ಕಾರಿ ಸಂಸ್ಥೆಗಳ ಅಂಗಳದಲ್ಲೇ ನಿಂತಿತು.

ಆ ಅಂಗಳವೂ ಕಿರಿದಾಗುತ್ತಿದೆ. ಐ.ಡಿ.ಪಿ.ಎಲ್. ತೊಂಬತ್ತರ ದಶಕದಲ್ಲಿ ರೋಗಗ್ರಸ್ತ ಉದ್ಯಮವಾಯಿತು, ನೌಕರರು ಸ್ವಯಂ ನಿವೃತ್ತಿ ಪಡೆದು ಹೊರಬಂದರು. ಮೀಸಲಾತಿಯನ್ನು ಲೆಕ್ಕ ಹಾಕುವುದು ಖಾಲಿ ಹುದ್ದೆಗಳ ಮೇಲೆ. ಮುಚ್ಚಿದ ಕಾರ್ಖಾನೆಯಲ್ಲಿ ಖಾಲಿ ಹುದ್ದೆಯೆಂಬುದೇ ಇರುವುದಿಲ್ಲ.