ದೇವರ ಪೆಟ್ಟಿಗೆಯ ಟೈಬೀರಿಯಸ್

ನಾವು ದಿನಾ ಮೆಟ್ರೋ ಹತ್ತುವ ಯಶವಂತಪುರದಲ್ಲಿ, 1891ರಲ್ಲಿ ರೈಲ್ವೆ ಕೆಲಸಕ್ಕೆ ಮಣ್ಣು ಅಗೆದಾಗ, 163 ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕವು. ಎಚ್‌ಎಎಲ್ ಕಡೆಯೂ ಇಂಥದ್ದೇ ಗಂಟು ಸಿಕ್ಕಿದೆ. ಇದು ಗೊತ್ತಿದ್ದರಿಂದಲೇ, ಶಕ್ತಿನಗರದ ನಮ್ಮ ಅತ್ತೆಯ ದೇವರ ಪೆಟ್ಟಿಗೆಯಲ್ಲಿದ್ದ 'ರಾಣಿ ರೂಪಾಯಿ'ಯನ್ನ ಎರಡನೇ ಸಲ ತಿರುಗಿಸಿ ನೋಡಿದೆ.

ವಿಕ್ಟೋರಿಯಾ ರಾಣಿಯ ರೂಪಾಯಿ 11.66 ಗ್ರಾಂ ತೂಗಬೇಕು. ಇದು ಅಕ್ಕಸಾಲಿಗರ ತಕ್ಕಡಿಯಲ್ಲಿ 3.6 ಬಂತು. ಮುಖವೂ ರಾಣಿಯದಲ್ಲ, ತಲೆಗೆ ಎಲೆಗಳ ಮಾಲೆ ಕಟ್ಟಿದ ಗಂಡಸಿನದು. ಹಿಂಬದಿಯಲ್ಲಿ ಪೀಠದ ಮೇಲೆ ಕೂತ ಹೆಂಗಸು, ಒಂದು ಕೈಯಲ್ಲಿ ದಂಡ, ಇನ್ನೊಂದರಲ್ಲಿ ರೆಂಬೆ. ಅಂಚಿನಲ್ಲಿ ಉಳಿದಿದ್ದ ಲ್ಯಾಟಿನ್ ಅಕ್ಷರ: 'ಪಾಂಟಿಫ್', ಅಂದ್ರೆ ಪ್ರಧಾನ ಅರ್ಚಕ ಅನ್ನೋ ಬಿರುದಿನ ಅರ್ಧ. ಇಷ್ಟು ಸಾಕು. ಕ್ರಿ.ಶ. 14ರಿಂದ 37ರವರೆಗೆ ಆಳಿದ ಟೈಬೀರಿಯಸನ ಡೆನಾರಿಯಸ್ ಇದು. ಭಾರತದಲ್ಲಿ ಅತಿ ಹೆಚ್ಚು ಸಿಗುವ ರೋಮನ್ ನಾಣ್ಯಗಳಲ್ಲೊಂದು. ಅಸಲಿಯೋ, ಆಗಿನ ಕಾಲದಲ್ಲೇ ಇಲ್ಲಿ ಮಾಡಿದ ನಕಲೋ ಅನ್ನೋದನ್ನ ತಜ್ಞರು ಕೈಯಲ್ಲಿ ಹಿಡಿದೇ ಹೇಳಬೇಕು. ಫೋಟೋ ನೋಡಿ ಹೇಳೋರನ್ನ ನಾನು ನಂಬಲ್ಲ.

ಇಲ್ಲಿಗೆ ಯಾಕೆ ಬಂತು? ಮೆಣಸು, ಮುತ್ತು, ಹತ್ತಿ ಬಟ್ಟೆಗೆ. ಭಾರತ ವರ್ಷಕ್ಕೆ ಐದು ಕೋಟಿ ಸೆಸ್ಟರ್ಸ್ ಎಳ್ಕೊಳ್ಳುತ್ತೆ ಅಂತ ಪ್ಲಿನಿ ಗೊಣಗಿದ್ದಾನೆ. ನಾಲ್ಕು ಸೆಸ್ಟರ್ಸಿಗೆ ಒಂದು ಡೆನಾರಿಯಸ್. ಅಂದ್ರೆ ಇಂಥ ಒಂದೂಕಾಲು ಕೋಟಿ ನಾಣ್ಯ.

ಆದರೆ ನನಗೆ ಬೇಕಿದ್ದದ್ದು ಬೇರೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅಗೆದಾಗ ಇದೇ ಟೈಬೀರಿಯಸನ ನಾಣ್ಯ ಸಿಕ್ಕಿತ್ತು. ಯಾವ ಮಣ್ಣಿನ ಪದರದಲ್ಲಿ ಅನ್ನೋದು ಬರೆದಿಟ್ಟಿದ್ದರಿಂದ, ಜೊತೆಗಿದ್ದ ಮಡಕೆ ಚೂರುಗಳ ಕಾಲ ಹೇಳೋಕೆ ಅದು ಆಧಾರವಾಯ್ತು. ಜಾಗ ಗೊತ್ತಿಲ್ಲದ ನಾಣ್ಯ ಬರೀ ಬೆಳ್ಳಿ.

ಅತ್ತೆಯನ್ನ ಕೇಳಿದೆ.

"ನಮ್ಮತ್ತಿ ತವರು ಮಾನ್ವಿ ಕಡೆ. ಹೊಲದಾಗ ಸಿಕ್ಕಿತ್ತೋ, ಯಾರರ ಕೊಟ್ಟಿದ್ರೋ, ಯಾರಿಗ್ ಗೊತ್ತದ? ದೀಪಾವಳಿಗೊಮ್ಮೆ ಹುಣಸಿಹಣ್ಣು ಹಚ್ಚಿ ತಿಕ್ಕತೀವಿ, ನೋಡು ಹೆಂಗ್ ಹೊಳೀತದ!"

ಉಳಿದ ಅಕ್ಷರಗಳು ಎಲ್ಲಿ ಹೋದವು ಅಂತ ಆಗ ತಿಳೀತು. ಮಾನ್ವಿಯ ಯಾವ ಊರು, ಆ ಹೊಲ ಈಗ ಯಾರದು ಅಂತ ಹೇಳಬಲ್ಲ ಒಬ್ಬರೇ ಒಬ್ಬರು ಉಳಿದಿದ್ದಾರೆ, ಅತ್ತೆಯ ನಾದಿನಿ. ಎಂಬತ್ತು ದಾಟಿದೆ, ಕಿವಿ ಸರಿಯಾಗಿ ಕೇಳಲ್ಲ. ಮುಂದಿನ ಶನಿವಾರ ರೈಲಿಗೆ ಟಿಕೆಟ್ ಬುಕ್ ಮಾಡಿದ್ದೀನಿ.