ಪಂಕ್ತಿಗಣನೆಯೆಂಬ ಅಳತೆಗೋಲು: ಕೋಲಾರ ಪ್ರಾಂತದ ಶಾಸನಗಳನ್ನು ಕುರಿತು

ಬಿ. ಎಲ್. ರೈಸ್ ಅವರು ೧೯೦೫ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಹತ್ತನೆಯ ಸಂಪುಟವು ಅಂದಿನ ಕೋಲಾರ ಜಿಲ್ಲೆಯ ಶಾಸನಗಳಿಗೆ ಮೀಸಲಾದುದು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಮೊದಲಾದ ತಾಲ್ಲೂಕುಗಳ ಶಾಸನಗಳು ಅದರಲ್ಲಿ ತಾಲ್ಲೂಕುವಾರು ಮುದ್ರಿತವಾಗಿವೆ. ಇಂಥ ಪಾಠಗಳನ್ನು ಕಂಪ್ಯೂಟರಿಗೆ ಏರಿಸಿದ ಮೇಲೆ ಯಾವ ರಾಜವಂಶದವು ಎಷ್ಟು ಪಂಕ್ತಿಗಳೆಂದು ಎಣಿಸುವುದು ಕ್ಷಣದ ಕೆಲಸ. ಆ ಮೊತ್ತವನ್ನೇ ಆಯಾ ಕಾಲದ ಹಿರಿಮೆಗೆ ಅಳತೆಯಾಗಿ ಹಿಡಿಯಬಹುದೇ ಎಂಬುದು ಇಲ್ಲಿ ವಿಚಾರಣೀಯ.

ಪಂಕ್ತಿಯು ಅರ್ಥದ ಘಟಕವಲ್ಲ. ಕಲ್ಲಿನ ಅಗಲ ಮುಗಿದೆಡೆ ಪಂಕ್ತಿ ಮುಗಿಯುತ್ತದೆ, ಪದವು ಅರ್ಧಕ್ಕೆ ಮುರಿದರೂ ಸರಿಯೆ. ಗುಡಿಯ ಅಧಿಷ್ಠಾನದ ಉದ್ದಕ್ಕೆ ಕೆಲವೇ ನೀಳ ಪಂಕ್ತಿಗಳಾಗುವ ಪಾಠವು ಕಿರಿದಾದ ಕಂಬದ ಮೇಲೆ ಹತ್ತಾರು ತುಂಡುಗಳಾಗುತ್ತದೆ. ಪುನರುಕ್ತಿಯ ತೊಡಕು ಇದಕ್ಕಿಂತ ದೊಡ್ಡದು. ಹನ್ನೊಂದನೆಯ ಶತಮಾನದಲ್ಲಿ ಕೋಲಾರ ಚೋಳರ ಆಳ್ವಿಕೆಯಲ್ಲಿದ್ದಾಗ ಹುಟ್ಟಿದ ತಮಿಳು ಶಾಸನಗಳನ್ನೇ ನೋಡಿರಿ. ರಾಜೇಂದ್ರಚೋಳನ ಪ್ರಶಸ್ತಿಯು, ಅವನ ಆಳ್ವಿಕೆಯ ವರ್ಷಗಳು ಏರಿದಂತೆ, ಹೊಸ ದಿಗ್ವಿಜಯಗಳನ್ನು ಸೇರಿಸಿಕೊಂಡು ಬೆಳೆಯುತ್ತ ಹೋಗುತ್ತದೆ. ದತ್ತಿ ಒಂದು ನಂದಾದೀಪದ್ದೇ ಆದರೂ ಮೇಲೆ ಗಂಗೆಯ, ಕಡಾರದ ಗೆಲುವುಗಳು ಬರಬಹುದು. ಎಣಿಕೆಗಾರನ ಕೈಗೆ ಸಿಕ್ಕುವುದು ಒಂದೇ ಪಾಠದ ಹಲವು ಪ್ರತಿಗಳು.

ಇನ್ನು ಗಂಗ, ನೊಳಂಬರ ಕಾಲದ ವೀರಗಲ್ಲುಗಳು. ತುರುಗೊಳ್ ಕಾಳಗದಲ್ಲಿ ಮಡಿದವನ ಹೆಸರು, ಆಳುತ್ತಿದ್ದವನ ಹೆಸರು, ಬಿಟ್ಟ ಕಲ್ನಾಡು; ಬರೆಹ ಸಾಮಾನ್ಯವಾಗಿ ಇಷ್ಟೇ, ಉಳಿದುದನ್ನು ಶಿಲ್ಪವೇ ಹೇಳುತ್ತದೆ. ಊರಿನ ಆಳೊಬ್ಬನು ಹೆಸರಿನೊಡನೆ ಚರಿತ್ರೆಯನ್ನು ಪ್ರವೇಶಿಸುವುದು ಬಹುಮಟ್ಟಿಗೆ ಈ ನಾಲ್ಕಾರು ಪಂಕ್ತಿಗಳಲ್ಲಿಯೇ. ಮೊತ್ತ ಹಾಕಿದಾಗ ಮೊದಲು ಮರೆಯಾಗುವವನೂ ಅವನೇ.

ವಿನೋದವೆಂದರೆ, ಎಣಿಸಿಕೊಡುವ ಕಂಪ್ಯೂಟರಿನ ಚರಿತ್ರೆಯಲ್ಲಿಯೂ ಇದೇ ಪ್ರಮಾದ ನಡೆದಿದೆ. ಎಂಬತ್ತು ಕಂಬಸಾಲುಗಳ ರಂಧ್ರಪತ್ರಗಳಿದ್ದ ಕಾಲದಲ್ಲಿ ಪತ್ರವೊಂದಕ್ಕೆ ಕೋಡಿನ ಒಂದು ಸಾಲು; ಅಲ್ಲಿ ಕಲ್ಲಿನ ಅಗಲದ ಸ್ಥಾನದಲ್ಲಿದ್ದುದು ಕಾಗದದ ಅಗಲ. ಸಾಲುಗಳ ಸಂಖ್ಯೆಯೇ ಕೆಲಸಗಾರನ ದುಡಿಮೆಯ ಅಳತೆಯಾಯಿತು. ೧೯೫೭ರಲ್ಲಿ ಫೋರ್ಟ್ರಾನ್ ಬಂದ ಮೇಲೆ, ಯಂತ್ರಕ್ಕೆ ಹತ್ತಿರದ ಅಸೆಂಬ್ಲಿ ಭಾಷೆಯಲ್ಲಿ ಹಲವು ಸಾಲು ಬೇಡುತ್ತಿದ್ದ ಲೆಕ್ಕವನ್ನು ಕೆಲವೇ ಸಾಲುಗಳಲ್ಲಿ ಬರೆಯುವುದು ಸಾಧ್ಯವಾಯಿತು. ಹಳೆಯ ಅಳತೆಯಂತೆ ಹಾಗೆ ಬರೆದವನೇ ಸೋಮಾರಿ! ೧೯೮೨ರಲ್ಲಿ ಆಪಲ್ ಸಂಸ್ಥೆಯ ಬಿಲ್ ಅಟ್ಕಿನ್ಸನ್, ಚಿತ್ರ ಬಿಡಿಸುವ ಪ್ರೋಗ್ರಾಮಿನ ಭಾಗವೊಂದನ್ನು ಬಹಳ ವೇಗವಾಗಿ ಓಡುವಂತೆ ತಿದ್ದಿದಾಗ ಅದರ ಗಾತ್ರವೂ ಇಳಿಯಿತು. ವಾರದ ವರದಿಯಲ್ಲಿ ಆತ ಬರೆದುಕೊಟ್ಟ ಸಂಖ್ಯೆ ಋಣ ಎರಡು ಸಾವಿರ. ಅದಕ್ಕೂ ಮೊದಲೇ, ೧೯೭೯ರಲ್ಲಿ, ಐ.ಬಿ.ಎಂ.ನ ಆಲನ್ ಆಲ್ಬ್ರೆಕ್ಟ್ ಅವರು ಸಾಲುಗಳನ್ನು ಬಿಟ್ಟು, ಬಳಸುವವನಿಗೆ ಪ್ರೋಗ್ರಾಮು ಮಾಡಿಕೊಡುವ ಕೆಲಸಗಳನ್ನು ಎಣಿಸುವ ಕ್ರಮವನ್ನು ಮುಂದಿಟ್ಟಿದ್ದರು.

ಎಣಿಕೆ ವ್ಯರ್ಥವೆಂದು ನಮ್ಮ ಅಭಿಪ್ರಾಯವಲ್ಲ. ಮುರಿದ ಕಲ್ಲಿನಲ್ಲಿ ನಷ್ಟವಾದುದೆಷ್ಟೆಂದು ಊಹಿಸಲು ಉಳಿದ ಪಂಕ್ತಿಗಳ ಅಕ್ಷರಸಂಖ್ಯೆ ಬೇಕೇ ಬೇಕು. ಆದರೆ ಮುಳಬಾಗಿಲು ತಾಲ್ಲೂಕಿನ ಆವನಿಯಲ್ಲಿರುವ ಹತ್ತನೆಯ ಶತಮಾನದ ಶಾಸನವೊಂದು, ತ್ರಿಭುವನಕರ್ತರೆಂಬ ಯತಿಗಳು ನಲವತ್ತು ವರ್ಷ ಆ ಸ್ಥಾನವನ್ನಾಳಿ ಐವತ್ತು ದೇವಾಲಯಗಳನ್ನೂ ಎರಡು ದೊಡ್ಡ ಕೆರೆಗಳನ್ನೂ ಮಾಡಿಸಿದರೆಂದು ಹೇಳುತ್ತದೆ. ಆ ಕೆರೆಗಳು ಯಾವುವು, ಅವುಗಳ ಕೆಳಗೆ ಯಾರ ಗದ್ದೆಗಳಿದ್ದವು ಎಂಬುದನ್ನು ಅರಸಲು ಪಾಠವನ್ನು ಕೈಯಲ್ಲಿ ಹಿಡಿದು ಆವನಿಯ ಬಯಲಲ್ಲಿ ನಡೆಯಬೇಕಾಗುತ್ತದೆ.